ಮೂವರು ಸಾಕ್ಷಿ ಸಾಲದ ಲೆಕ್ಕ

ನಮ್ಮ ಮನೆಯಲ್ಲಿ ಮೂರು ಜನ ಒಂದೇ ಮಾತು ಹೇಳಿದರೆ ಅದು ಸತ್ಯ. ನಾಲ್ಕನೆಯವನನ್ನು ಕೇಳುವ ಪದ್ಧತಿಯೇ ಇರಲಿಲ್ಲ. ನನ್ನ ಮಾವ, ಎಂದರೆ ಅಮ್ಮನ ಅಣ್ಣ, ನಮ್ಮ ಜಾತಿಯ ಗುರಿಕಾರರು. ಮಣ್ಣಗುಡ್ಡದ ಸುತ್ತಮುತ್ತ ನಮ್ಮವರ ನಡುವೆ ಏನೇ ತಂಟೆ ಹುಟ್ಟಲಿ, ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಅದು ನಮ್ಮ ಚಾವಡಿಯ ಮೆಟ್ಟಿಲು ಹತ್ತಬೇಕು. ಯಾರದೋ ದನ ಇನ್ನಾರದೋ ಬಸಳೆ ಚಪ್ಪರಕ್ಕೆ ಬಾಯಿ ಹಾಕಿದ್ದು, ಮುನಿಸಿಕೊಂಡು ತವರಿಗೆ ಬಂದವಳನ್ನು ಮರಳಿ ಕಳಿಸಬೇಕೋ ಬಾರದೋ ಎಂಬುದು, ಕೋಳಿ ಅಂಕದಲ್ಲಿ ಸೋತ ಹುಂಜ ಯಾರ ಪಾಲು ಎಂಬುದು, ಎಲ್ಲವೂ ಅಲ್ಲೇ ತೀರ್ಮಾನ. ಮಾವ ತೂಗುಮಣೆಯ ಮೇಲೆ ಒಂದು ಕಾಲು ಮಡಚಿ ಕೂತು, ವೀಳ್ಯದೆಲೆಗೆ ಸುಣ್ಣ ಸವರುತ್ತಾ ಮೊದಲನೆಯ ಸಾಕ್ಷಿಯ ಮಾತು ಕೇಳುತ್ತಿದ್ದರು. ಎರಡನೆಯವನ ಮಾತಿಗೆ ಅಡಿಕೆ ಹೋಳು ಬಾಯಿಗೆ. ಮೂರನೆಯವನೂ ಅದನ್ನೇ ಹೇಳಿದನೋ, ಎಲೆ ಬಾಯಿಗೆ ಹೋಯಿತೆಂದೇ ತಿಳಿಯಬೇಕು. ಆಮೇಲೆ ಅವರು ಜಗಿದು, ಅಂಗಳಕ್ಕೆ ಉಗುಳಿ ಬಂದು "ಮುಗೀತು" ಎಂದರೆ ಮುಗಿಯಿತು. ಅಪೀಲು ಎಂಬುದು ಇಲ್ಲ. ಅಳುವವರು ಅಂಗಳ ದಾಟಿದ ಮೇಲೆ ಅಳಬೇಕು.

ಈ ಕಾಯಿದೆ ಚಾವಡಿಯಲ್ಲಿ ಮಾತ್ರ ನಿಂತಿದ್ದರೆ ನನಗೇನೂ ನಷ್ಟವಿರಲಿಲ್ಲ. ಅದು ಅಡಿಗೆಮನೆಗೂ ನುಗ್ಗಿತ್ತು. ಒಮ್ಮೆ ಮಾವನಿಗೆಂದು ತೆಗೆದಿರಿಸಿದ ಹುರಿದ ಬಂಗುಡೆ ಮಾಯವಾಯಿತು. ಚಿಕ್ಕಮ್ಮನ ಮಕ್ಕಳಿಬ್ಬರು ನನ್ನನ್ನು ತೋರಿಸಿದರು. ಮೂರನೆಯವನಾಗಿ ನನ್ನ ಸ್ವಂತ ತಮ್ಮನೇ ತಲೆಯಾಡಿಸಿದ. ಅಜ್ಜಿ ಸೌದೆ ರಾಶಿಯಿಂದ ಒಂದು ಕೋಲು ಎಳೆದರು. ನಾನು ತಿಂದಿಲ್ಲ ಅಜ್ಜಿ, ದೇವರಾಣೆ ತಿಂದಿಲ್ಲ ಎಂದು ನಾನು ಬೊಬ್ಬೆ ಹೊಡೆದೆ. ಅಮ್ಮ ಒಲೆಯ ಎದುರಿನಿಂದ ಏಳದೆ ಹೇಳಿದರು:

"ಮೂರು ಜನ ಹೇಳಿದ್ರಲ್ಲ ಮಗ. ಎಲ್ಲರೂ ಸುಳ್ಳು ಹೇಳ್ತಾರಾ?"

ಪೆಟ್ಟು ತಿಂದೆ. ತಮಾಷೆಯೆಂದರೆ, ಪೆಟ್ಟು ತಿಂದು ಮೂಲೆಯಲ್ಲಿ ಕೂತ ಮೇಲೆ, ಆ ಮೀನನ್ನು ನಾನೇ ತಿಂದಿರಬಹುದೋ ಏನೋ ಎಂದು ನನಗೂ ಅನ್ನಿಸತೊಡಗಿತು. ಬಾಯಲ್ಲಿ ಉಪ್ಪು ಖಾರ ಹತ್ತಿದಂತೆಯೂ ಆಯಿತು. ಆ ಕಾಯಿದೆಯ ಜೋರು ಅಷ್ಟಿತ್ತು.

ನಮ್ಮದು ಅಳಿಯಸಂತಾನದ ಮನೆ, ಸೊತ್ತೂ ಅಧಿಕಾರವೂ ಸೋದರಮಾವನಿಂದ ಅಳಿಯನಿಗೆ ಹೋಗುವ ಮನೆ. ಅಪ್ಪ ಪಣಂಬೂರಿನ ಆಚೆ ತಮ್ಮ ತಾಯಿಮನೆಯಲ್ಲಿದ್ದರು. ವಾರಕ್ಕೊಮ್ಮೆ ನೆಂಟರ ಹಾಗೆ ಬಂದು ನೆಂಟರ ಹಾಗೆ ಉಂಡು ಹೋಗುತ್ತಿದ್ದರು. ಯಜಮಾನಿಕೆ ಮಾವನದು. ಮಾವನ ನಂತರ ಹಿರಿಯ ಅಳಿಯನಾದ ನನ್ನದು. ತೂಗುಮಣೆ, ಗುರಿಕಾರಿಕೆ, ದೈವದ ಕೋಣೆಯ ಬೀಗದ ಕೈ, ಎಲ್ಲವೂ ಒಂದೇ ಕಟ್ಟಿನಲ್ಲಿ ನನಗೆ ಬರಬೇಕಾದದ್ದು. ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ, ಕೇಳುವ ವಿಷಯವೂ ಅಲ್ಲ. ಅದಕ್ಕೇ ನನಗೆ ಓದಲು ಕೊಟ್ಟದ್ದು ಚಾವಡಿಗೆ ತಾಗಿದ ಸಣ್ಣ ಕೋಣೆ. ನಡುವೆ ಗೋಡೆಯಿಲ್ಲ, ಮರದ ಸರಳುಗಳ ದಳಿ. ಒಂದು ಮೂಲೆಯಲ್ಲಿ ಅಕ್ಕಿಮುಡಿಗಳು, ಇನ್ನೊಂದು ಮೂಲೆಯಲ್ಲಿ ನಾನು. ಓದುವವನ ಕಿವಿಗೆ ನ್ಯಾಯದ ಮಾತೂ ಬೀಳಲಿ ಎಂಬುದು ಮಾವನ ಹಂಚಿಕೆ. ಬಿತ್ತು. ಇಂಗ್ಲಿಷ್ ವ್ಯಾಕರಣಕ್ಕಿಂತ ಮೊದಲು ನನಗೆ ಸಾಕ್ಷಿ ವಿಚಾರಣೆ ಬಾಯಿಪಾಠವಾಯಿತು.

ಇಂಟರ್ಮೀಡಿಯೆಟ್ ಪಾಸಾದಾಗ ನನಗೆ ಚರಿತ್ರೆ ಓದುವ ಆಸೆ. ಮಾವ ಒಪ್ಪಲಿಲ್ಲ. ಊಟಕ್ಕೆ ಕೂತಲ್ಲೇ, ಬೂತಾಯಿ ಮೀನಿನ ಮುಳ್ಳು ಬಿಡಿಸುತ್ತಾ ತೀರ್ಪು ಕೊಟ್ಟರು.

"ಚರಿತ್ರೆ ಓದಿದವನ ಹತ್ರ ಹತ್ತು ಜನ ವಾದಕ್ಕೆ ಬರ್ತಾರೆ. ಲೆಕ್ಕ ಓದಿದವನ ಹತ್ರ ಯಾರೂ ಬಾಯಿ ಬಿಡುದಿಲ್ಲ. ಎರಡು ಎರಡು ನಾಲ್ಕು ಅಂದ್ರೆ ಮುಗೀತಲ್ಲ! ನಾಳೆ ಆ ಮಣೆಯಲ್ಲಿ ಕೂರುವವನಿಗೆ ಬೇಕಾದ್ದು ಅದೇ. ಬಿ.ಎ.ಗೆ ನೀನು ಲೆಕ್ಕ ತೆಕ್ಕೋ."

ತೆಗೆದುಕೊಂಡೆ. ಹೈಸ್ಕೂಲಿನಲ್ಲಿ ನಾನು ಲೆಕ್ಕದಲ್ಲಿ ಹುಷಾರಿದ್ದೆ ಎಂಬ ಧೈರ್ಯವೂ ಇತ್ತು. ಅದು ಯಾವ ಹುಷಾರು ಎಂದು ಆಮೇಲೆ ತಿಳಿಯಿತು. ಪುಸ್ತಕದ ಹಿಂದೆ ಉತ್ತರ ಇರುತ್ತಿತ್ತು. ನನ್ನ ಉತ್ತರ ಅದಕ್ಕೆ ಸರಿಹೊಂದಿದರೆ ಆಯಿತು. ಬಿ.ಎ. ಕ್ಲಾಸಿನಲ್ಲಿ ಉತ್ತರವನ್ನು ಮೊದಲೇ ಕೊಟ್ಟುಬಿಟ್ಟರು, ಅದು ಏಕೆ ಸರಿ ಎಂದು ಸಾಧಿಸುವುದೇ ಕೆಲಸ. ಉತ್ತರ ಕೈಯಲ್ಲಿದ್ದೂ ಫೇಲಾಗುವ ವಿದ್ಯೆ ಲೋಕದಲ್ಲಿ ಉಂಟೆಂದು ನನಗೆ ಗೊತ್ತೇ ಇರಲಿಲ್ಲ. ಕಲಿಸುವವರು ಪಿಂಟೊ ಮಾಸ್ತರರು. ಸಪುರ ಆಳು, ಕೊರಳವರೆಗೆ ಮುಚ್ಚುವ ಕೋಟು, ತೋಳಿನ ತುದಿಯಲ್ಲಿ ಯಾವಾಗಲೂ ಸೀಮೆಸುಣ್ಣ. ಬೈಯುತ್ತಿರಲಿಲ್ಲ, ಬೆಂಚು ಹತ್ತಿಸುತ್ತಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಬೈಗಳು ನಮ್ಮ ಮನೆಯಲ್ಲಿ ರೂಢಿಯಿತ್ತು. ಅವರು ಬರೇ ಪ್ರಶ್ನೆ ಕೇಳುತ್ತಿದ್ದರು.

ಒಂದು ದಿನ ಹಲಗೆಯ ಮೇಲೆ ಒಂದು ಸಾಲು ಬರೆದರು. ಎರಡು, ಒಂದೂವರೆ, ಒಂದೂ ಮೂರರಲ್ಲೊಂದು ಪಾಲು, ಒಂದೂಕಾಲು, ಹೀಗೆ ಇಳಿಯುತ್ತಾ ಹೋಗುವ ಸಾಲು. ಇದು ಹೋಗಿ ಸೇರುವ ಗುರಿ, ಇದರ ಲಿಮಿಟ್, ಒಂದು; ಅದನ್ನು ಸಾಧಿಸಿ ಎಂದರು. ನಾನು ಸಾಲಿನ ಹತ್ತನೆಯ ಪದ ನೋಡಿದೆ: ಒಂದಕ್ಕಿಂತ ಹತ್ತರಲ್ಲೊಂದು ಪಾಲು ಹೆಚ್ಚು. ನೂರನೆಯದು: ನೂರರಲ್ಲೊಂದು ಪಾಲು. ಸಾವಿರದ್ದು: ಸಾವಿರದಲ್ಲೊಂದು. ಮೂರೂ ಒಂದರ ಕಡೆಗೇ ಬೆರಳು ತೋರಿಸುತ್ತಿವೆ. ಮತ್ತೇನು ಬೇಕು? ಕೆಳಗೆ ಗೆರೆ ಎಳೆದು, ಸಾಧಿಸಲಾಯಿತು ಎಂದು ಗತ್ತಿನಿಂದ ಬರೆದು ಕೊಟ್ಟೆ. ಮಾಸ್ತರರು ಕಾಗದ ಹಿಡಿದು ನನ್ನ ಬೆಂಚಿನ ಹತ್ತಿರ ಬಂದರು.

"ಇದರ ಮುಂದಿನದ್ದು ಎಂತ ಹೇಳ್ತದೆ?"

"ಹಾಗೆಯೇ ಹೇಳ್ತದೆ ಸರ್."

"ನಿನಗೆ ಹೇಗೆ ಗೊತ್ತು?"

"ಮೂರು ನೋಡಿದೆ ಸರ್. ಮೂರೂ ಒಂದೇ ಮಾತು ಹೇಳಿದವು."

ಕ್ಲಾಸು ಗೊಳ್ಳೆಂದು ನಕ್ಕಿತು. ಮಾಸ್ತರರು ನಗಲಿಲ್ಲ. ಮನೆಗೆ ಬೇರೊಂದು ಲೆಕ್ಕ ಕೊಟ್ಟರು. ಒಂದು ಸಂಖ್ಯೆ ತೆಗೆದುಕೋ, ಅದರ ವರ್ಗಕ್ಕೆ ಅದನ್ನೇ ಕೂಡಿಸು, ಮತ್ತೆ ನಲವತ್ತೊಂದು ಕೂಡಿಸು. ಬರುವ ಮೊತ್ತ ಯಾವಾಗಲೂ ಅವಿಭಾಜ್ಯವೋ, ಎಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದೋ, ನೋಡಿಕೊಂಡು ಬಾ ಎಂದರು. ಈ ಸಲ ನಾನು ಮೂರಕ್ಕೆ ನಿಲ್ಲಿಸಲಿಲ್ಲ. ಒಂದು ಹಾಕಿದೆ, ನಲವತ್ತಮೂರು ಬಂತು. ಎರಡು ಹಾಕಿದೆ, ನಲವತ್ತೇಳು. ಮೂರಕ್ಕೆ ಐವತ್ತಮೂರು, ನಾಲ್ಕಕ್ಕೆ ಅರುವತ್ತೊಂದು. ಯಾವುದೂ ಭಾಗವಾಗುವುದಿಲ್ಲ. ಹದಿನೈದರವರೆಗೆ ಹೋದೆ. ದಳಿಯಾಚೆ ಕೂತಿದ್ದ ಮಾವ, ಎಂತ ಅಷ್ಟೊಂದು ಗೀಚುವುದು ಎಂದು ಕೇಳಿ ತಿಳಿದುಕೊಂಡು ತೊಡೆ ತಟ್ಟಿದರು.

"ಅಬ್ಬಾ! ನಾನು ಮೂರಕ್ಕೆ ಸಾಕು ಹೇಳುವವ. ಇವ ಹದಿನೈದು ಸಾಕ್ಷಿ ಕರೆಸಿದ್ದಾನೆ. ಇನ್ನು ಆ ಮಾಸ್ಟ್ರು ಎಂತ ಹೇಳ್ತಾರೆ ನೋಡುವ!"

ಮಾಸ್ಟ್ರು ಹೇಳಿದ್ದು ಇಷ್ಟೇ:

"ನಲವತ್ತೊಂದನ್ನೇ ಹಾಕಿ ನೋಡು ಮಾರಾಯ. ಮೂರು ಕಡೆಯಲ್ಲೂ ನಲವತ್ತೊಂದು ಉಂಟಲ್ಲ. ಭಾಗಿಸಲಿಕ್ಕೆ ಬೇರೆ ಎಂತ ಬೇಕು?"

ನನಗೆ ಆಗ ಜ್ಞಾನೋದಯ ಆಯಿತೆಂದು ಯಾರೂ ತಿಳಿಯಬಾರದು. ಆದದ್ದು ಸಿಟ್ಟು. ಮೂವತ್ತೊಂಬತ್ತರವರೆಗೆ ಒಂದೂ ತಪ್ಪುವುದಿಲ್ಲವಂತೆ, ನಲವತ್ತರಲ್ಲಿ ಮೊದಲ ಸಲ ಕೈ ಕೊಡುತ್ತದಂತೆ. ಅಷ್ಟು ಜನ ಮರ್ಯಾದಸ್ಥರು ಒಬ್ಬರ ಹಿಂದೊಬ್ಬರು ಬಂದು ಸತ್ಯ ಹೇಳಿ ಹೋದ ಮೇಲೆ ಒಬ್ಬ ಬಂದು ಮನೆ ಹಾಳು ಮಾಡುವುದಾದರೆ ಯಾರನ್ನು ನಂಬುವುದು? ಸಂಖ್ಯೆಗಳ ಮೇಲೆ ಸಿಟ್ಟು, ಮಾಸ್ತರರ ಮೇಲೆ ಸಿಟ್ಟು, ಮೂರು ಸಾಕೆಂದು ಕಲಿಸಿದ ಚಾವಡಿಯ ಮೇಲೂ ಸಿಟ್ಟು. ಹೊಸ ದಾರಿ ಹತ್ತಲಿಲ್ಲ, ಹಳೆಯದು ತಪ್ಪಿತು. ಆ ತಿಂಗಳ ಪರೀಕ್ಷೆಯಲ್ಲಿ ನಾನು ಏನನ್ನೂ ಬರೆಯಲಾರದೆ ಕೂತೆ. ಒಂದು ಸಾಲು ಬರೆಯುವುದು, ಇದರ ಮುಂದಿನದ್ದು ಎಂತ ಹೇಳ್ತದೆ ಎಂದು ಮಾಸ್ತರರ ಸ್ವರ ಕಿವಿಯಲ್ಲಿ ಕೇಳುವುದು, ಹೊಡೆದು ಹಾಕುವುದು. ಮಾಸ್ತರರು ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು.

"ಕ್ರಿಸ್ಮಸ್ ರಜೆ ಮುಗಿಯುವಾಗ ಒಂದೇ ಒಂದು ಲಿಮಿಟ್ ಮೊದಲಿನಿಂದ ಕೊನೆಯವರೆಗೆ ಸಾಧಿಸಿ ತೋರಿಸು. ಆಗದಿದ್ರೆ ಈ ಲೆಕ್ಕದ ಗುಂಪು ಬಿಟ್ಟುಬಿಡು. ಸುಮ್ಮನೆ ಎರಡು ವರ್ಷ ಹಾಳು ಮಾಡಿಕೊಳ್ಬೇಡ."

ಮನೆಯಲ್ಲಿ ಹೇಳಿದೆ. ಮಾವ ಅದನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡರು: ಲೆಕ್ಕ ಬಿಟ್ಟರೆ ಕಾಲೇಜೂ ಬಿಡು, ಬೊಂಬಾಯಿಯಲ್ಲಿ ಅಮ್ಮನ ದಾಯಾದಿಯೊಬ್ಬರ ಹೋಟೇಲು ಉಂಟು, ಬಂದರಿನಲ್ಲಿ ಹಡಗು ಉಂಟು. ತಮಾಷೆಗೆ ಹೇಳಿದ್ದಲ್ಲ. ಹೋಟೇಲಿಗೆ ಹೋದ ನಮ್ಮವರಲ್ಲಿ ಎಷ್ಟೋ ಜನ ಚೆನ್ನಾಗಿಯೇ ಇದ್ದರು. ಆದರೆ ನನಗೆ ಬೇಡವಾಗಿತ್ತು. ಲೆಕ್ಕದ ಮೇಲಿನ ಪ್ರೀತಿಯಿಂದಂತೂ ಅಲ್ಲ. ಆ ಹಾಳು ಲಿಮಿಟ್ ನನ್ನನ್ನು ಸೋಲಿಸಿತ್ತು, ಸೋಲಿಸಿದ್ದು ಹೇಗೆಂದೂ ನನಗೆ ಗೊತ್ತಿರಲಿಲ್ಲ. ಅದು ಗೊತ್ತಾಗದೆ ಹಡಗು ಹತ್ತಲು ನನ್ನಿಂದ ಸಾಧ್ಯವಿರಲಿಲ್ಲ.

ರಜೆ ಶುರುವಾಯಿತು. ನನ್ನ ತೊಂದರೆ ಇಡೀ ಮನೆಯ ತೊಂದರೆಯಾಯಿತು. ಗಂಜಿಗೆ ಕೂತಾಗ ಒಬ್ಬೊಬ್ಬರೂ ನನಗೆ ಲಿಮಿಟ್ ವಿವರಿಸುವವರೇ. ಹತ್ತಿರ ಹತ್ತಿರ ಬರುತ್ತದೆ, ಆದರೆ ಮುಟ್ಟುವುದಿಲ್ಲ ಎಂದು ನಾನೊಮ್ಮೆ ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಅಜ್ಜಿ ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿಯುತ್ತಾ ಕೇಳಿದರು:

"ಹತ್ತಿರ ಬರ್ತದೆ, ಮುಟ್ಟುದಿಲ್ಲ. ಅಂದ್ರೆ ಮೇಲ್ಜಾತಿಯವರ ಹಾಗಾ?"

ಅಮ್ಮ ಬಟ್ಟಲಿಗೆ ಚಟ್ನಿ ಹಾಕುತ್ತಾ, ನನ್ನ ಕಡೆ ನೋಡದೆ ಹೇಳಿದರು:

"ನಿನ್ನ ಅಪ್ಪನ ಹಾಗೆ ಅಂತ ಹೇಳು. ಬಂದೆ ಬಂದೆ ಹೇಳ್ತಾರೆ. ಪಣಂಬೂರು ದಾಟುದಿಲ್ಲ."

ನಗು ಬಂತು, ಅಳುವೂ ಬಂತು. ಏಕೆಂದರೆ ಪುಸ್ತಕದಲ್ಲಿ ಬರುವುದೂ ಇರಲಿಲ್ಲ, ಮುಟ್ಟುವುದೂ ಇರಲಿಲ್ಲ. ಅಲ್ಲಿದ್ದದ್ದು ಎಪ್ಸಿಲಾನ್ ಎಂಬ ಒಂದು ಅಕ್ಷರ. ಯಾವುದೇ ಸಣ್ಣ ಅಂತರ ಕೊಡಲಿ, ಒಂದು ಪದದಿಂದಾಚೆಗೆ ಎಲ್ಲ ಪದಗಳೂ ಆ ಅಂತರದೊಳಗೇ ಇರುತ್ತವೆ ಎಂದು ತೋರಿಸಬೇಕು. ಆ ಸಣ್ಣ ಅಂತರವೇ ಎಪ್ಸಿಲಾನ್. ಯಾರು ಕೊಡುವುದು? ಎಷ್ಟು ಕೊಡುವುದು? ಹೇಳುವುದಿಲ್ಲ. ಎಷ್ಟು ಸಣ್ಣದು ಬೇಕಾದರೂ ಕೊಟ್ಟಾನು. ನಾನು ಅದನ್ನು ಗಟ್ಟಿಯಾಗಿ ಓದುವಾಗ ಅಜ್ಜಿಗೆ ರೇಗಿತು.

"ಯಾರಂತೆ ಆ ಕೊಡುವವ? ಹೆಸರಿಲ್ಲ, ಮನೆಯಿಲ್ಲ. ಮೋರೆ ತೋರಿಸದವನಿಗೆ ನೀನ್ಯಾಕೆ ಉತ್ತರ ಕೊಡಬೇಕು? ಅವನನ್ನೇ ಚಾವಡಿಗೆ ಕರಿ, ನಿನ್ನ ಮಾವ ನೋಡಿಕೊಳ್ಳಲಿ."

ಅಜ್ಜಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ತಗಾದೆ ಮಾಡುವವನಿಗೆ ಮುಖವಿತ್ತು, ಅವನ ಹಟಕ್ಕೂ ಒಂದು ಮಿತಿಯಿತ್ತು. ಎರಡು ಬಾಳೆಗೊನೆ ಕೊಟ್ಟರೆ ಸುಮ್ಮನಾಗುತ್ತಿದ್ದ. ಇವನಿಗೆ ಎಷ್ಟು ಕೊಟ್ಟರೂ ಇನ್ನೂ ಸಣ್ಣದು ಬೇಕು. ಪುಸ್ತಕವನ್ನು ಅಕ್ಕಿಮುಡಿಯ ಮೇಲೆ ಎಸೆದದ್ದುಂಟು. ಎಸೆದು, ಎತ್ತಿಕೊಂಡು, ಕಣ್ಣಿಗೊತ್ತಿಕೊಂಡು ಮತ್ತೆ ಕೂತದ್ದೂ ಉಂಟು. ಕೊನೆಗೆ ಬೇರೆ ದಾರಿ ಕಾಣದೆ ಪುಸ್ತಕದಲ್ಲಿದ್ದ ಒಂದು ಸಾಧನೆಯನ್ನು ಇಡಿಯಾಗಿ ಬಾಯಿಪಾಠ ಮಾಡಲು ಹಿಡಿದೆ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ, ದೇವರ ನಾಮದಂತೆ. ಬೇಲಿಯಾಚೆಯ ದೂಮಣ್ಣ ಹಲ್ಲುಜ್ಜುತ್ತಾ ನಿಂತು ಕೇಳಿದರು. ಸಂಜೆ ಎಲೆ ಅಡಿಕೆಗೆ ಬರುವ ಹೆಂಚಿನ ಕಾರ್ಖಾನೆಯ ಬಾಬು ಮೇಸ್ತ್ರಿ ಕೇಳಿದರು. ಒಣಮೀನಿನ ವ್ಯಾಪಾರದ ಇದಿನಬ್ಬ ಬ್ಯಾರಿಗಳು, ಮಾವನ ಹಳೆಯ ಸ್ನೇಹಿತರು, ಅವರೂ ಕೇಳಿದರು. ಎಲ್ಲಿಯೂ ತಡವರಿಸದೆ ಇಂಗ್ಲಿಷು ಹರಿಯುತ್ತಿತ್ತು. ಮಾವನ ಮುಖ ಅರಳಿತು. ರಜೆಯ ಕೊನೆಯ ಭಾನುವಾರ ಬೆಳಿಗ್ಗೆ ನನ್ನನ್ನು ಕರೆದು, ಒಳ್ಳೆ ಅಂಗಿ ಹಾಕಿಕೋ ಎಂದರು. ಅಂಗಳದಲ್ಲಿ ಈ ಮೂವರೂ ಕೊಡೆ ಹಿಡಿದು 'ತಯಾರಾ?' ಎನ್ನುತ್ತಾ ನಿಂತಿದ್ದರು. ಬರಿಗೈಯಲ್ಲಿ ಹೋಗಬಾರದೆಂದು ಒಂದು ಕದಳಿ ಗೊನೆಯೂ ಇತ್ತು.

"ಎಲ್ಲಿಗೆ ಮಾವ?"

"ಜೆಪ್ಪುವಿಗೆ, ನಿನ್ನ ಮಾಸ್ಟ್ರ ಮನೆಗೆ. ಅವರಿಗೆ ಸಾಧಿಸಿ ತೋರಿಸ್ಬೇಕಲ್ವಾ? ತೋರಿಸುವ."

ಬೇಡ ಮಾವ, ಅದು ಹಾಗಲ್ಲ ಎಂದು ಗೋಗರೆದೆ. ಹಾಗಲ್ಲದಿದ್ದರೆ ಹೇಗೆ ಎಂದು ಅವರು ಕೇಳಿದರು. ಹೇಗೆಂದು ನನಗೆ ಗೊತ್ತಿದ್ದರೆ ಈ ಗತಿ ಯಾಕೆ ಬರುತ್ತಿತ್ತು? ಹಿಂದೆ ಹಿಂದೆ ನಡೆದೆ. ಮಣ್ಣಗುಡ್ಡದಿಂದ ಜೆಪ್ಪುವಿನವರೆಗೆ ಮಾವ ಮುಂದೆ, ಸಾಕ್ಷಿಗಳು ನಡುವೆ, ಆರೋಪಿ ಹಿಂದೆ.

ಮಾಸ್ತರರು ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಆಗಷ್ಟೇ ಬಂದಿದ್ದರು. ಜಗಲಿಯಲ್ಲಿ ಬೆಂಚು ಹಾಕಿಸಿದರು, ಅವರ ಹೆಂಡತಿ ಎಲ್ಲರಿಗೂ ಕಾಪಿ ತಂದಿಟ್ಟರು. ಗೋಡೆಗೆ ಒಂದು ಸಣ್ಣ ಕಪ್ಪು ಹಲಗೆ ಒರಗಿತ್ತು. ಪಾಠಕ್ಕೆ ಬರುವ ಮಕ್ಕಳಿಗೆ ಇಟ್ಟದ್ದು. ಮಾವ ಹೆಗಲ ಶಾಲು ಸರಿಪಡಿಸಿಕೊಂಡು, ಇವನಿಗೆ ಲಿಮಿಟ್ ಗೊತ್ತುಂಟು, ಅದಕ್ಕೆ ಸಾಕ್ಷಿ ತಂದಿದ್ದೇನೆ ಎಂದು ಪೀಠಿಕೆ ಹಾಕಿದರು. ನಾನು ನೆಲ ನೋಡುತ್ತಾ ನಿಂತೆ. ಮೊದಲು ದೂಮಣ್ಣ:

"ನಮ್ಮ ಬೇಲಿ ಇವರ ಕಿಟಿಕಿಗೆ ತಾಗಿಯೇ ಉಂಟು ಮಾಸ್ಟ್ರೇ. ಬೆಳಿಗ್ಗೆ ಎದ್ದರೆ ಅದೇ. ನನಗೇ ಬಾಯಿಪಾಠ ಆಗಿದೆ. ಲೆಟ್ ಎಪ್ಸಿಲಾನ್ ಬಿ ಗಿವನ್!"

ಬಾಬು ಮೇಸ್ತ್ರಿ:

"ನಾನು ಎದುರು ಕೂತು ಕೇಳಿದ್ದೇನೆ. ಒಂದು ಕಡೆ ತಪ್ಪಲಿಲ್ಲ, ಒಂದು ಕಡೆ ನಿಲ್ಲಲಿಲ್ಲ."

ಇದಿನಬ್ಬ ಬ್ಯಾರಿಗಳು ಟೊಪ್ಪಿ ಸರಿಮಾಡಿಕೊಂಡರು:

"ನನಗೆ ಇಂಗ್ಲಿಷ್ ಗೊತ್ತಿಲ್ಲ. ಆದ್ರೆ ವ್ಯಾಪಾರದವ ನಾನು, ಸುಳ್ಳು ಹೇಳುವವನ ಸ್ವರ ಗೊತ್ತಾಗ್ತದೆ. ಇವನ ಸ್ವರದಲ್ಲಿ ಸುಳ್ಳು ಇಲ್ಲ."

ಮಾವ ಬೆನ್ನು ನೇರ ಮಾಡಿ, ಮೂವರದ್ದೂ ಒಂದೇ ಮಾತು, ಇನ್ನು ನೀವು ಹೇಳಿ ಎಂದರು. ಮಾಸ್ತರರು ನಕ್ಕುಬಿಟ್ಟಾರು ಎಂದು ನಾನು ಹೆದರಿದ್ದೆ. ನಗಲಿಲ್ಲ, ಮಾವನಷ್ಟೇ ಗಂಭೀರವಾಗಿ ಕೇಳಿಸಿಕೊಂಡಿದ್ದರು.

"ಮೂವರನ್ನೂ ನಾನು ನಂಬ್ತೇನೆ ಗುರಿಕಾರ್ರೇ. ಇವ ಓದಿದ್ದಾನೆ ಅಂತ ಸಾಬೀತಾಯ್ತು. ತಿಳಿದಿದ್ದಾನೆ ಅಂತ ಆಗ್ಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲೇ ಗಾದೆ ಉಂಟಲ್ಲ. ಒಂದು ಲೆಕ್ಕ ಕೊಡ್ತೇನೆ, ಪುಸ್ತಕದಲ್ಲಿ ಇಲ್ಲದ್ದು. ನಿಮ್ಮ ಎದುರೇ ಮಾಡ್ಲಿ."

ಹಲಗೆಯ ಮೇಲೆ ಬೇರೊಂದು ಸಾಲು ಬರೆದರು. ಅದೂ ಒಂದರ ಕಡೆಗೇ ಇಳಿಯುವ ಸಾಲು, ಆದರೆ ಒಂದರಿಂದ ಇರುವ ಅಂತರ ಪ್ರತಿ ಹೆಜ್ಜೆಯಲ್ಲೂ ಕ್ಲಾಸಿನಲ್ಲಿ ಕೊಟ್ಟಿದ್ದ ಸಾಲಿನ ಅಂತರದ ಮೂರರಷ್ಟು. ನನ್ನ ಬಾಯಿಪಾಠ ಅಲ್ಲಿಗೇ ಕೈ ಬಿಟ್ಟಿತು. ಸೀಮೆಸುಣ್ಣ ಹಿಡಿದು ಎಷ್ಟು ಹೊತ್ತು ನಿಂತೆನೋ. ಬ್ಯಾರಿಗಳು ಕೆಮ್ಮಿದರು. ಮಾವನ ಚಪ್ಪಲಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಬರೆಯಲೇಬೇಕಲ್ಲ ಎಂದು, ಯಾವುದೋ ಒಂದು ಎಪ್ಸಿಲಾನ್ ಕೊಟ್ಟಿದ್ದಾರೆ ಎಂದು ಬರೆದೆ. ಆ ಅಂತರದೊಳಕ್ಕೆ ಬೀಳಬೇಕಾದರೆ ಎಷ್ಟನೆಯ ಪದದವರೆಗೆ ಹೋಗಬೇಕು? ಹಿಂದಿನಿಂದ ಲೆಕ್ಕ ಹಾಕಿದೆ. ಮೂರನ್ನು ಎಪ್ಸಿಲಾನಿನಿಂದ ಭಾಗಿಸಿ ಬಂದದ್ದಕ್ಕಿಂತ ದೊಡ್ಡ ಒಂದು ಸಂಖ್ಯೆ ತೆಗೆದುಕೊಂಡೆ. ಹಾಕಿ ನೋಡಿದೆ. ಆ ಪದ ಅಂತರದೊಳಗೆ ಬಿತ್ತು! ಯಾರೂ ಹೇಳಿಕೊಟ್ಟದ್ದಲ್ಲ, ಪುಸ್ತಕದ್ದೂ ಅಲ್ಲ. ಸೀಮೆಸುಣ್ಣ ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದೆ.

"ಭೇಷ್!" ಎಂದರು ಬಾಬು ಮೇಸ್ತ್ರಿ.

ಮಾಸ್ತರರು ಹಲಗೆಯನ್ನು ನೋಡಲಿಲ್ಲ, ಮಾವನನ್ನು ನೋಡಿದರು.

"ನೀವು ಹೇಳಿ ಗುರಿಕಾರ್ರೇ. ನ್ಯಾಯ ಹೇಳುವವರು ನೀವು."

ಮಾವನಿಗೆ ಹಲಗೆಯ ಮೇಲಿದ್ದ ಒಂದಕ್ಷರವೂ ಗೊತ್ತಿರಲಿಲ್ಲ. ಆದರೆ ಮಾತು ಕೊನೆಗೊಂಡ ಗಳಿಗೆಯನ್ನು ಗುರುತಿಸುವುದರಲ್ಲಿ ಅವರನ್ನು ಮೀರಿದವರಿಲ್ಲ. ನನ್ನ ಕಡೆ ಒಮ್ಮೆ ನೋಡಿದರು. ಅಷ್ಟು ಪ್ರೀತಿಯಿಂದ ಅವರು ನನ್ನನ್ನು ನೋಡಿದ್ದು ಅದೇ ಮೊದಲು.

"ಮುಗೀತು," ಎಂದರು.

"ನೀನು ಎಂತ ಹೇಳ್ತಿ? ಮುಗೀತಾ?" ಮಾಸ್ತರರು ನನ್ನನ್ನು ಕೇಳಿದರು.

ಹೌದು ಸರ್ ಎನ್ನಲು ಬಾಯಿ ತೆರೆದೆ, ತೆರೆದವನು ಹಲಗೆ ನೋಡಿದೆ. ನೋಡಬಾರದಿತ್ತು. ನಾನು ಬರೆದದ್ದು ಒಂದೇ ಒಂದು ಪದದ ವಿಷಯ. ಅದರಾಚೆಗೆ ಬರುವವರ ಬಗ್ಗೆ, ಕೊನೆಯಿಲ್ಲದೆ ಸಾಲಾಗಿ ನಿಂತವರ ಬಗ್ಗೆ, ನಾನು ಏನನ್ನೂ ಹೇಳಿರಲಿಲ್ಲ. ಅವರಲ್ಲಿ ಒಬ್ಬ ಹೊರಗೆ ಹೋದರೂ ಎಲ್ಲ ಮಣ್ಣುಪಾಲು. ಅದು ನನಗೆ ಕಂಡಿತು. ಕಂಡದ್ದನ್ನು ಕಾಣದಂತೆ ಮಾಡಲು ಸಾಧ್ಯವಿದ್ದರೆ ನಾನು ಆ ಗಳಿಗೆಯಲ್ಲಿ ಏನು ಬೇಕಾದರೂ ಕೊಡುತ್ತಿದ್ದೆ. ಮಾವ ಮುಗೀತು ಎಂದಿದ್ದರು. ಆ ಮಾತಿನ ಮೇಲೆ ಇನ್ನೊಂದು ಮಾತನ್ನು ನಮ್ಮ ಮನೆಯಲ್ಲಿ ಯಾರೂ, ಯಾವತ್ತೂ ಆಡಿದ್ದಿಲ್ಲ.

"ಇಲ್ಲ ಸರ್," ಎಂದೆ. "ಮುಗಿಯಲಿಲ್ಲ. ಒಂದರ ಮಾತು ಮಾತ್ರ ಆಯ್ತು. ಅದರ ಮುಂದಿನವುಗಳದ್ದು ಆಗ್ಲಿಲ್ಲ."

"ಹಾಗಾದ್ರೆ ಮುಗಿಸು."

ಮುಗಿಸಲಾಗಲಿಲ್ಲ. ಈಗ ನೋಡಿದರೆ ಅದು ಒಂದು ಸಾಲಿನ ಮಕ್ಕಳಾಟ. ಆಗ ಬೆನ್ನ ಹಿಂದೆ ಮಾವ ಕೂತಿದ್ದರು, ಕೈ ಓಡಲಿಲ್ಲ. ನನಗೆ ಗೊತ್ತಿಲ್ಲ ಸರ್ ಎಂದು ಹೇಳಿ ನಿಂತುಬಿಟ್ಟೆ. ಬೊಂಬಾಯಿಯ ಹೋಟೇಲಿನ ಬಟ್ಟಲುಗಳ ಸದ್ದು ಕೇಳಿಸತೊಡಗಿತು. ಮಾಸ್ತರರು ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು.

"ನಾಳೆ ಕ್ಲಾಸಿಗೆ ಬಾ. ಗುಂಪು ಬಿಡುದು ಬೇಡ."

ಮಾವ ತಟ್ಟನೆ ಎದ್ದು ನಿಂತರು.

"ಇದು ಎಂತ ನ್ಯಾಯ ಮಾಸ್ಟ್ರೇ? ಮೂರು ಜನ ದೊಡ್ಡವರು ಗೊತ್ತುಂಟು ಅಂತ ಹೇಳಿದಾಗ ನೀವು ಒಪ್ಪಲಿಲ್ಲ. ಇವ ಗೊತ್ತಿಲ್ಲ ಅಂದ ಕೂಡ್ಲೇ ಒಪ್ಪಿದ್ರಿ!"

"ಎಲ್ಲಿ ಮುಗಿದಿಲ್ಲ ಅಂತ ಕಂಡವನಿಗೆ ನಾನು ಕಲಿಸಬಹುದು. ಮುಗೀತು ಅಂತ ಕೂತವನಿಗೆ ಕಲಿಸ್ಲಿಕ್ಕೆ ಆಗುದಿಲ್ಲ."

ಮಾಸ್ತರರು ಇದನ್ನು ನನ್ನನ್ನು ಕುರಿತೇ ಹೇಳಿದ್ದು, ಅದರಲ್ಲಿ ಕೊಂಕು ಇರಲಿಲ್ಲ. ಆದರೆ ಅದು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮಾವ ಕೈಮುಗಿದು ಇಳಿದರು. ಬ್ಯಾರಿಗಳು ಬಂದರಿನಲ್ಲಿ ಸ್ವಲ್ಪ ಕೆಲಸ ಉಂಟೆಂದು ಅರ್ಧದಲ್ಲೇ ತಿರುಗಿದರು. ದೂಮಣ್ಣ ನನ್ನ ಹತ್ತಿರ ಬಂದು, ಪೊಕ್ಕಡೆ, ಸುಮ್ಮಸುಮ್ಮನೆ, ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡಿದಿಯಲ್ಲ ಮಾರಾಯ, ಹೌದು ಅಂದಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು ಎಂದರು. ನನಗೂ ಹಾಗೆಯೇ ಅನ್ನಿಸುತ್ತಿತ್ತು. ಗೆದ್ದು ಬರುವವನ ಖುಷಿ ಒಂದು ಚೂರೂ ಇರಲಿಲ್ಲ.

ಅಜ್ಜಿ ಅಂಗಳದ ತುದಿಯಲ್ಲೇ ಕಾಯುತ್ತಿದ್ದರು.

"ಎಂತ ಆಯ್ತು?"

"ಇಟ್ಕೊಂಡ್ರು," ಎಂದರು ಮಾವ.

"ಮತ್ತೆ ಎಂತಕ್ಕೆ ಈ ಮೋರೆ?"

ಮಾವ ಒಳಗೆ ಬಂದು ಕೊಡೆ ಮೂಲೆಗಿಟ್ಟರು. ತೂಗುಮಣೆಯಲ್ಲಿ ಕೂರಲಿಲ್ಲ, ಅದರ ಸರಪಣಿ ಹಿಡಿದುಕೊಂಡು ನಿಂತರು. ಅಡಿಗೆಮನೆಯ ಬಾಗಿಲಿಗೆ ಅಮ್ಮ ಬಂದಿದ್ದರು. ಮಾವ ಹೇಳಿದ್ದು ಅಜ್ಜಿಗೆ. ನನ್ನ ಕಡೆ ನೋಡಲೇ ಇಲ್ಲ.

"ಅವರು ಇಟ್ಕೊಂಡ್ರು ಅಮ್ಮ. ನಮಗೆ ಹೋದ. ಮುಗೀತು ಅಂತ ಹೇಳಿದ ಮೇಲೂ ಇಲ್ಲ ಅನ್ನುವವನನ್ನು ಇಲ್ಲಿ ಹೇಗೆ ಕೂರಿಸುದು? ಇವ ತೀರ್ಪಿಗೆ ಕೂತ್ರೆ ಒಂದು ದನದ ತಗಾದೆಯೂ ಮುಗಿಯುದಿಲ್ಲ. ಜನ ಸಾಯ್ತಾರೆ."

ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಎದುರು ಮಾತಾಡುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ, ಏನಾದರೂ ಮಾಡುತ್ತಿದ್ದೆ. ಅವರು ಹೇಳಿದ್ದು ಸರಿಯಾಗಿತ್ತು. ಸಂಜೆ ಹೊತ್ತಿಗೆ ನನ್ನ ತಮ್ಮನನ್ನು ಕರೆದು ಚಾವಡಿಯಲ್ಲಿ ತಮ್ಮ ಬದಿಗೆ ಕೂರಿಸಿಕೊಂಡರು. ಅವನು ಹೆದರಿ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ನಮ್ಮ ಮನೆಯ ಗುರಿಕಾರಿಕೆ ಆಮೇಲೆ ಅವನಿಗೇ ಹೋಯಿತು, ಚೆನ್ನಾಗಿಯೇ ನಡೆಸಿದ. ಮಾವ ನನ್ನೊಡನೆ ಮಾತು ಬಿಡಲಿಲ್ಲ, ಓದಿಗೆ ಏನೂ ಕಡಿಮೆ ಮಾಡಲಿಲ್ಲ. ಆದರೆ ಯಾವ ವಿಷಯಕ್ಕೂ ನೀನು ಎಂತ ಹೇಳ್ತಿ ಎಂದು ಬದುಕಿರುವ ತನಕ ಒಮ್ಮೆಯೂ ಕೇಳಲಿಲ್ಲ.

ಮರುದಿನ ಕಾಲೇಜಿಗೆ ಹೋದೆ. ಒಂದು ಮನೆಯನ್ನೇ ಕೊಟ್ಟು ಉಳಿಸಿಕೊಂಡ ಬೆಂಚು ಅದು. ಅದರ ತುದಿಯಲ್ಲಿ ಕೂತೆ. ಪಿಂಟೊ ಮಾಸ್ತರರು ಬಂದರು, ನನ್ನನ್ನು ಗುರುತಿಸಿದ ಹಾಗೂ ಮಾಡಲಿಲ್ಲ. ತಿರುಗಿ ನಿಂತು ಹಲಗೆಯ ತುಂಬ ಹೊಸದೊಂದು ಲಿಮಿಟ್ ಬರೆದು ಸಾಧಿಸಿದರು, ತಿರುಗಿ ನೋಡಿ ಎಲ್ಲರಿಗೂ ತಿಳಿಯಿತೇ ಎಂದು ಕೇಳಿದರು. ಕ್ಲಾಸೆಲ್ಲ ತಲೆಯಾಡಿಸಿತು. ನನಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಎದ್ದು ನಿಂತು ಹಾಗೆಂದು ಹೇಳಿದೆ.